ಆಲೆ ಮರ ಒಣಗುವ ತನಕ: ಚನ್ನಪಟ್ಟಣದ ಲೇತ್ ಕೆಲಸ

ಚನ್ನಪಟ್ಟಣದ ಬೊಂಬೆ ಕೆಲಸ ಯಾಕೆ ಸೊರಗಿತು ಅಂದರೆ ಎಲ್ಲರೂ ಚೀನಾದ ಪ್ಲಾಸ್ಟಿಕ್ ಕಡೆ ಕೈ ತೋರಿಸುತ್ತಾರೆ. ಅದು ಸುಳ್ಳಲ್ಲ. ಆದರೆ ಲೇತ್, ಅಂದರೆ ಮರವನ್ನು ತಿರುಗಿಸಿ ಕಡೆಯುವ ಯಂತ್ರದ ಮುಂದೆ ಕೂತವರಿಗೆ ಇನ್ನೊಂದು ಕಾರಣವೂ ಗೊತ್ತು: ಅಗ್ಗದ ಮಾಲಿನ ಜೊತೆ ಓಡಲು ಹೋಗಿ ನಾವು ಹಸಿ ಮರ ಕಡೆದೆವು.

ನಾವು ಬಳಸುವುದು ಆಲೆ ಮರ, ಆಲದ ಮರವಲ್ಲ. ಬಿಳುಪು, ಒತ್ತಾದ ಎಳೆ, ಉಳಿಗೆ ನುಣ್ಣಗೆ ಬರುತ್ತದೆ. ತೊಗಟೆ ಸುಲಿದು ನೆರಳಲ್ಲಿ ಎರಡು ಮೂರು ತಿಂಗಳು ಇಡಬೇಕು. ಬಿಸಿಲಿಗೆ ಹಾಕಿದರೆ ತುದಿಯಿಂದ ಸೀಳು ಬಿಡುತ್ತದೆ. ಹಸಿ ಮರದ ಗಾಲಿ ಕಡೆದ ದಿನ ಗುಂಡಗೇ ಇರುತ್ತದೆ. ಒಣಗುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ, ಮೊಟ್ಟೆಯಂತಾಗಿ ಗಾಡಿ ಕುಂಟುತ್ತದೆ. ಮೇಲೆ ಬಣ್ಣಕ್ಕೆ ಹಚ್ಚಿದ ಅರಗೂ ಬಿರುಕು ಬಿಟ್ಟು ಏಳುತ್ತದೆ. ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ ನೋಡಿ. ತೂಕ ಇಳಿಯುವುದು ನಿಂತ ಮೇಲೆ ಕಡೆಯಿರಿ.

ಅರಗನ್ನು ಕೆಂಡದ ಮೇಲೆ ಮೆದು ಮಾಡಿ, ಬಣ್ಣ ಹಾಕಿ ನಾದಿ, ಎಳೆದು ಕಡ್ಡಿ ಮಾಡಿಕೊಳ್ಳುತ್ತೇವೆ. ಕಡೆದ ಮರವನ್ನು ಉಪ್ಪುಕಾಗದದಿಂದ ಉಜ್ಜಿ, ಧೂಳು ಪೂರಾ ಒರೆಸಿ, ತಿರುಗುವಾಗಲೇ ಕಡ್ಡಿ ಒತ್ತಬೇಕು. ಉಜ್ಜಿದ ಕಾವಿಗೇ ಅರಗು ಕರಗಿ ಹಿಡಿಯುತ್ತದೆ, ಬೇರೆ ಬೆಂಕಿ ಬೇಡ. ಒತ್ತು ಜಾಸ್ತಿಯಾದರೆ ಸುಟ್ಟು ಕಪ್ಪಾಗುತ್ತದೆ, ಕಡಿಮೆಯಾದರೆ ಗಂಟು ನಿಲ್ಲುತ್ತದೆ. ಆಮೇಲೆ ತಾಳೆಗರಿ ಮಡಿಸಿ ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಹೊಳೆಯುತ್ತದೆ. ಆ ಹೊಳಪು ವಾರ್ನಿಷ್‌ಗೆ ಎಂದೂ ಬಾರದು.

ಮಗು ಬಾಯಿಗಿಡುವ ವಸ್ತು ಇದು, ಸೀಸ ಬೆರೆತ ಬಣ್ಣ ಕೂಡದೇ ಕೂಡದು. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡದ ಬಣ್ಣ, ಎರಡೂ ಸೇರಿದರೆ ಹಸಿರು. ಅರಿಶಿನ ಬಿಸಿಲಿಗೆ ಮಾಸುತ್ತದೆ. ಅಂಗಡಿಯ ಮುಂಭಾಗದಲ್ಲಿ ತೂಗುಹಾಕಬೇಡಿ ಎಂದು ಕೊಳ್ಳುವವರಿಗೆ ಹೇಳಿಯೇ ಕೊಡಬೇಕು.

2005-06ರಲ್ಲಿ ನಮ್ಮ ಬೊಂಬೆಗಳಿಗೆ ಭೌಗೋಳಿಕ ಗುರುತು (ಜಿಐ), ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. 2020ರಲ್ಲಿ ಆಟಿಕೆಗಳ ಆಮದು ಸುಂಕ 20ರಿಂದ 60 ಪ್ರತಿಶತಕ್ಕೆ ಏರಿ ಸ್ವಲ್ಪ ಉಸಿರು ಬಂತು. ಆದರೆ 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಊರ ಹೊರಗಿನಿಂದ ಹೋಯಿತು. ಮೈಸೂರಿಗೆ ಹೋಗುವ ಕಾರುಗಳು ಹಳೇ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ನಿಲ್ಲುವುದು ಕಡಿಮೆಯಾಯಿತು. ದಾರಿಹೋಕರ ವ್ಯಾಪಾರ ನಂಬಿದವರಿಗೆ ಪೆಟ್ಟು ಬಿದ್ದಿದೆ. ಆರ್ಡರ್ ಮೇಲೆ ಮಾಡುವವರು ಮಾತ್ರ ಎರಡು ಮೂರು ತಿಂಗಳ ವಾಯಿದೆ ಕೇಳಬಹುದು. ಮರಕ್ಕೆ ಬೇಕಾದದ್ದೂ ಅಷ್ಟೇ ಸಮಯ. ಅದಕ್ಕೇ ಈಗ ಪ್ರತಿ ರಾಶಿಯ ಮೇಲೂ ತೊಗಟೆ ಸುಲಿದ ತಾರೀಕನ್ನು ಸೀಮೆಸುಣ್ಣದಲ್ಲಿ ಬರೆದಿಡುತ್ತೇವೆ.