ಬ್ಯಾಟರಿ ತುಂಬಿದ್ದರೂ ಟ್ರೈಲರಿನ ಇನ್ವರ್ಟರ್ ಕೂಗಿ ನಿಲ್ಲುತ್ತಿದ್ದುದು ಸರಿಹೋದದ್ದು ಹೇಗೆ

1200 ವ್ಯಾಟ್ ಕೆಟಲ್ ಹಾಕಿದೊಡನೆ 'ಲೋ ಬ್ಯಾಟರಿ' ಎಂದು ಕೂಗಿ, ಸ್ವಲ್ಪ ಹೊತ್ತಿಗೆ ಇನ್ವರ್ಟರ್ ಆಫ್. ಇಂಥ ಕಡೆ ಬ್ಯಾಟರಿ ಬದಲಿಸುವ ಮೊದಲು ಮಲ್ಟಿಮೀಟರ್ ಹಿಡಿಯಬೇಕು, ಅದೂ ಲೋಡ್ (ಇಲ್ಲಿ ಕೆಟಲ್) ಓಡುತ್ತಿರುವಾಗಲೇ. ಲೋಡ್ ಇಲ್ಲದೆ ಅಳೆದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

ಬ್ಯಾಟರಿ ಟರ್ಮಿನಲ್‌ನಲ್ಲಿ 12.1 ವೋಲ್ಟ್, ಇನ್ವರ್ಟರ್ ಟರ್ಮಿನಲ್‌ನಲ್ಲಿ 10.9. ನಡುವೆ 1.2 ವೋಲ್ಟ್ ಮಾಯ! ಇನ್ವರ್ಟರ್ ತನ್ನ ಟರ್ಮಿನಲ್‌ಗೆ ಬಂದ ವೋಲ್ಟ್ ನೋಡಿಯೇ 'ಲೋ ಬ್ಯಾಟರಿ' ಎನ್ನುವುದು. 12 ವೋಲ್ಟ್‌ನಲ್ಲಿ ಈ ಲೋಡ್, ಇನ್ವರ್ಟರಿನ ಒಳಗಿನ ನಷ್ಟವೂ ಸೇರಿ, ಸುಮಾರು 120 ಆಂಪಿಯರ್ ಎಳೆಯುತ್ತದೆ. ಹಾಕಿದ್ದು 16 ಚದರ ಮಿ.ಮೀ. ತಾಮ್ರದ ಕೇಬಲ್, ಒಂದು ಬದಿಗೆ 3 ಮೀಟರ್. ಹೋಗಿ ಬರುವ 6 ಮೀಟರಿಗೆ ಸುಮಾರು 0.8 ವೋಲ್ಟ್ ಅಲ್ಲೇ ನಷ್ಟ. ಮಿಕ್ಕಿದ್ದು ಜಾಯಿಂಟ್‌ಗಳಲ್ಲಿ: ಲಗ್‌ಗೂ (ಕೇಬಲ್ ತುದಿಗೆ ಹಾಕುವ ತೂತಿನ ಲೋಹದ ತುಂಡು) ಟರ್ಮಿನಲ್‌ಗೂ ಮಧ್ಯೆ ಸ್ಟೀಲ್ ವಾಷರ್ ಕೂತಿತ್ತು. ವಾಷರ್ ಯಾವಾಗಲೂ ಲಗ್‌ನ ಮೇಲೆ, ನಟ್‌ನ ಕೆಳಗೆ ಬರಬೇಕು.

ಇನ್ವರ್ಟರನ್ನು ಬ್ಯಾಟರಿಯಿಂದ 1 ಮೀಟರ್ ದೂರಕ್ಕೆ ತಂದು, 70 ಚದರ ಮಿ.ಮೀ. ಕೇಬಲ್‌ಗೆ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಲಗ್ ಒತ್ತಿದೆ. ಸುತ್ತಿಗೆಯಲ್ಲಿ ಜಜ್ಜಿದ ಲಗ್ ಬಿಸಿಯಾಗುತ್ತದೆ, ಬೇಡ. 2000 ವ್ಯಾಟ್ ಇನ್ವರ್ಟರಿಗೆ 250 ಆಂಪಿಯರ್ ಕ್ಲಾಸ್ ಟಿ ಫ್ಯೂಸ್ (ಭಾರೀ ಶಾರ್ಟ್ ಸರ್ಕ್ಯೂಟನ್ನೂ ತಡೆಯುವ ಬಗೆಯದು), ಪಾಸಿಟಿವ್ ಟರ್ಮಿನಲ್‌ಗೆ ಆದಷ್ಟು ಹತ್ತಿರ. ಈಗ ಒಟ್ಟು ನಷ್ಟ 0.15 ವೋಲ್ಟ್.

ಇನ್ನೊಂದು: ಇನ್ವರ್ಟರ್ ಓಡುವಾಗ ಟ್ರೈಲರಿನ ಬ್ಯಾಟರಿ ಚಾರ್ಜರಿನ ಬ್ರೇಕರ್ ಆಫ್ ಇರಲಿ. ಇಲ್ಲದಿದ್ದರೆ ಇನ್ವರ್ಟರಿನ ಕರೆಂಟೇ ಚಾರ್ಜರಿಗೂ ಹರಿದು, ಬ್ಯಾಟರಿ ತನ್ನನ್ನೇ ಚಾರ್ಜ್ ಮಾಡಿಕೊಳ್ಳಲು ಹೋಗಿ ಸುಮ್ಮನೆ ಬರಿದಾಗುತ್ತದೆ.