ನಳ ಬಂದ ದಿನದ ಬೊಟ್ಟು

ಗದಗಿನ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಐರೋಪ್ಯ ಒಕ್ಕೂಟಕ್ಕೆ ಹೊಸ ದೇಶ ಸೇರುವ ಪಾಠವನ್ನು ಎಷ್ಟೋ ವರ್ಷ ನೋಟ್ಸ್ ಬರೆಸಿಯೇ ಮುಗಿಸಿದೆ. ಸೇರಲು ಬೇಕಾದ ಅರ್ಹತೆ ಹೇಳುವ 1993ರ ಕೋಪನ್‌ಹೇಗನ್ ಮಾನದಂಡ, ವಿಷಯಕ್ಕೊಂದರಂತೆ 35 ಅಧ್ಯಾಯಗಳ ಮಾತುಕತೆ, ಕೊನೆಗೆ ಎಲ್ಲ ಸದಸ್ಯ ದೇಶಗಳ ಒಪ್ಪಿಗೆ. ಹೋದ ವರ್ಷ ಆ ಮಾತುಕತೆಯನ್ನು ತರಗತಿಯಲ್ಲೇ ಆಡಿಸಿ ನೋಡಿದೆ. 2012ರ ಜೂನ್‌ನಲ್ಲಿ ಮಾತುಕತೆ ಶುರು ಮಾಡಿದ ಯುರೋಪಿನ ಪುಟ್ಟ ದೇಶ ಮಾಂಟೆನೆಗ್ರೊವನ್ನು ಆರಿಸಿಕೊಂಡೆ.

ಎರಡು ಮೇಜು ಎದುರುಬದುರು ಹಾಕಿ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಒಕ್ಕೂಟದವರನ್ನು ಕೂಡಿಸಿದೆ. ಸಂಘ-ಸಂಸ್ಥೆಯವರು ಅಂತ ಎಂಟು ಮಂದಿಯನ್ನು ಹಿಂದಿನ ಬೆಂಚಿಗೆ ಕಳಿಸಿದೆ. ಅದು ನನ್ನ ತಪ್ಪು. ಹತ್ತೇ ನಿಮಿಷಕ್ಕೆ ಒಬ್ಬಳು ಎದ್ದು, "ಸರ, ನಾವು ಬರೇ ಕೇಳ್ಕೋತ ಕೂಡೂದೇನ್ರಿ?" ಅಂದಳು.

ನಿಜವಾದ ಮಾಂಟೆನೆಗ್ರೊದಲ್ಲಿ ಸಂಘಟನೆಗಳ ಪ್ರತಿನಿಧಿಗಳು ಸರ್ಕಾರದ ಕಾರ್ಯತಂಡಗಳ ಒಳಗೇ ಕೂತಿದ್ದರು. ನ್ಯಾಯಾಂಗ, ಮೂಲಭೂತ ಹಕ್ಕುಗಳ 23ನೇ ಅಧ್ಯಾಯದಲ್ಲೂ ಇದ್ದರು. ಜೊತೆಗೆ ಹೊರಗಿನಿಂದ ಪರ್ಯಾಯ ವರದಿಯನ್ನೂ ಬರೆಯುತ್ತಿದ್ದರು. ಕಾನೂನು ಪಾಸಾಯಿತು ಅಂತ ಸರ್ಕಾರ ಹೇಳಬಹುದು. ಅದು ಕೋರ್ಟಿನಲ್ಲಿ, ಪೊಲೀಸ್ ಠಾಣೆಯಲ್ಲಿ ಜಾರಿಯಲ್ಲಿದೆಯೋ ಇಲ್ಲವೋ ಅಂತ ಹೇಳುವವರು ಇವರು. ಒಕ್ಕೂಟದ ಕಾರ್ಯಾಂಗವಾದ ಕಮಿಷನ್ ತನ್ನ ವಾರ್ಷಿಕ ವರದಿ ಬರೆಯುವಾಗ ಇವರ ಮಾತನ್ನೂ ಕೇಳುತ್ತದೆ.

ಪರ್ಯಾಯ ವರದಿ ಅಂದರೇನು ಅಂತ ಬಾಯಲ್ಲಿ ಹೇಳಿದ್ದು ಹುಡುಗರ ತಲೆಗೆ ಹೋಗಲಿಲ್ಲ. "ನಿಮ್ಮ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡ್ತೀವಿ ಅಂತಾರ, ಖರೇ ಎಷ್ಟು ದಿನಕ್ಕ ಬರ್ತದ, ಬರಕೊಂಡು ಬರ್ರಿ" ಅಂದೆ. ಮರುದಿನ ಅದೇ ಹುಡುಗಿ ಅಡುಗೆಮನೆ ಗೋಡೆಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದಳು. "ನಳಾ ಬಂದ ದಿನಾ ನಮ್ಮವ್ವ ಕುಂಕುಮದ ಬೊಟ್ಟು ಇಡ್ತಾಳ್ರಿ." ಇಡೀ ತಿಂಗಳಿಗೆ ಮೂರೇ ಬೊಟ್ಟು. ಒಂದರ ಪಕ್ಕ ಪೆನ್ಸಿಲ್ಲಿನಲ್ಲಿ 'ರಾತ್ರಿ 2' ಅಂತಿತ್ತು. ಅದನ್ನು ಬೋರ್ಡಿಗೆ ತೂಗುಹಾಕಿದೆ. ಅಲ್ಲಿಂದ ಮುಂದೆ ಆ ಎಂಟು ಮಂದಿ ತಾರೀಖು, ಸಾಕ್ಷಿ ಇಲ್ಲದೆ ಒಂದು ದೂರನ್ನೂ ಎತ್ತಲಿಲ್ಲ.

ಜಾರ್ಜಿಯಾ ದೇಶದ ಕಥೆ ಕಲಿಸುವುದು ಕಷ್ಟವಾಯಿತು. 2023ರ ಡಿಸೆಂಬರ್‌ನಲ್ಲಿ ಅದಕ್ಕೆ ಒಕ್ಕೂಟ ಸೇರುವ ಅಭ್ಯರ್ಥಿ ಸ್ಥಾನ ಸಿಕ್ಕಿತು. ಮುಂದಿನ ಮೇ ತಿಂಗಳಲ್ಲೇ, ಶೇ. 20ಕ್ಕಿಂತ ಹೆಚ್ಚು ವಿದೇಶಿ ಹಣ ಪಡೆಯುವ ಸಂಸ್ಥೆಗಳು ವಿದೇಶಿ ಶಕ್ತಿಯ ಹಿತ ಕಾಯುವವರೆಂದು ನೋಂದಾಯಿಸಿಕೊಳ್ಳಬೇಕೆಂಬ ಕಾನೂನು ಬಂತು. ನವೆಂಬರ್‌ನಲ್ಲಿ ಸರ್ಕಾರ, 2028ರ ಕೊನೆಯವರೆಗೆ ಮಾತುಕತೆಯ ವಿಷಯವನ್ನೇ ಎತ್ತುವುದಿಲ್ಲ ಎಂದಿತು. ರಾಜಧಾನಿ ತಿಬಿಲಿಸಿಯ ಜನ ಎಷ್ಟೋ ರಾತ್ರಿ ಬೀದಿಯಲ್ಲಿ ನಿಂತರು. "ಹೊರಗಿನ ರೊಕ್ಕಾ ತಗೊಂಡ್ರ ಲೆಕ್ಕಾ ಕೇಳಬಾರದೇನ್ರಿ?" ಅಂತ ಸರ್ಕಾರದ ಪಾತ್ರದ ಹುಡುಗ ಕೇಳಿದ. ಕೇಳಬೇಕು. ಆದರೆ ಲೆಕ್ಕ ಕೇಳುವುದು ಬೇರೆ, ಹಣೆಪಟ್ಟಿ ಹಚ್ಚುವುದು ಬೇರೆ ಅಂದೆ. ಅವನು ಪೂರ್ತಿ ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಇದೆಲ್ಲ ನಮಗ್ಯಾಕ ಅಂದವರಿಗೆ ಕರ್ನಾಟಕ ಏಕೀಕರಣಕ್ಕೆ ದುಡಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ನೆನಪಿಸಿದೆ. ಸಂಘ ಹುಟ್ಟಿದ್ದು 1890ರಲ್ಲಿ, ಏಕೀಕರಣ ಆದದ್ದು 1956ರಲ್ಲಿ. ದೇಶಗಳು ಒಕ್ಕೂಟ ಸೇರುವುದಕ್ಕೂ ಪ್ರಾಂತಗಳು ಒಂದಾಗುವುದಕ್ಕೂ ಹೋಲಿಕೆ ಪೂರ್ತಿ ಹೊಂದದು. ಆದರೂ ಆ 66 ವರ್ಷ ಅಂದಾಗ ತರಗತಿ ಸುಮ್ಮನಾಯಿತು.

ಈ ವರ್ಷ ಮೂರು ಮೇಜು ಹಾಕಿದ್ದೇನೆ. ಕ್ಯಾಲೆಂಡರನ್ನು ಹುಡುಗಿ ಆ ವಾರವೇ ಮನೆಗೆ ಒಯ್ದಳು. ಮರುದಿನ ನಳ ಬರುವುದಿತ್ತು.