ಆಲ್ಬಿನಿಸಂ ಇರುವ ಮಗುವನ್ನು ಪಾವಗಡದ ಬಿಸಿಲಲ್ಲಿ ಶಾಲೆಗೆ ಕಳಿಸುವುದು ಹೇಗೆ?

ನಮ್ಮಕ್ಕನ ಮಗನಿಗೆ ಆಲ್ಬಿನಿಸಂ, ಅಂದರೆ ಮೈಗೆ ಬಣ್ಣ ಕೊಡುವ ಮೆಲನಿನ್ ಹುಟ್ಟಿನಿಂದಲೇ ಕಡಿಮೆ. ಕೂದಲು, ರೆಪ್ಪೆ ಎಲ್ಲ ಬೆಳ್ಳಗೆ. ಊರು ಪಾವಗಡದ ಹತ್ತಿರ, ಸೋಲಾರ್ ಪಾರ್ಕ್ ಸುಮ್ನೆ ಬಂದಿಲ್ಲ ಅಲ್ಲಿಗೆ.

ಮೊದಲು ಬಟ್ಟೆ. ತಂಪು ಅಂತ ತೆಳು ಬಿಳಿ ಕಾಟನ್ ಹಾಕಬೇಡಿ. ಬೆಳಕಿಗೆ ಹಿಡಿದಾಗ ಆಚೆ ಕೈ ಕಂಡರೆ ಬಿಸಿಲೂ ಒಳಗೆ ಬರುತ್ತದೆ. ಒತ್ತಾಗಿ ನೇಯ್ದ ಗಾಢ ಬಣ್ಣದ ತುಂಬುತೋಳು ಒಳ್ಳೆಯದು. ಯೂನಿಫಾರಂ ಅರ್ಧ ತೋಳಿದ್ದರೆ ಹೆಡ್‌ಮೇಷ್ಟ್ರನ್ನು ಕೇಳಿ ಉದ್ದ ಹೊಲಿಸಿ. ಕ್ಯಾಪ್ ಕಿವಿ, ಕತ್ತು ಮುಚ್ಚಲ್ಲ, ಸುತ್ತ ಅಂಚಿರುವ ಟೋಪಿಯೇ ಬೇಕು. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹೊರಡುವ 20 ನಿಮಿಷ ಮುಂಚೆ ಹಚ್ಚಿ, ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ. ನಾವು ಮೊದಲ ವಾರ ಪಾದ ಮರೆತಿದ್ದೆವು, ಸಂಜೆ ಚಪ್ಪಲಿ ಬಿಚ್ಚಿದರೆ ಪಟ್ಟಿ ಇದ್ದಲ್ಲಿ ಎರಡು ಬಿಳಿ ಗೆರೆ, ಉಳಿದದ್ದೆಲ್ಲ ಕೆಂಪು.

ಬಿಸಿಲಿನ ವಿಷಯ ಎಲ್ಲರೂ ಹೇಳುತ್ತಾರೆ. ಕಣ್ಣಿನದು ಯಾರೂ ಹೇಳಲ್ಲ. ಮೆಲನಿನ್ ಕೊರತೆಯಿಂದ ರೆಟಿನಾದ (ಕಣ್ಣಿನ ಒಳಪರದೆಯ) ನಡುಭಾಗ ಸರಿಯಾಗಿ ಬೆಳೆದಿರುವುದಿಲ್ಲ, ಹಾಗಾಗಿ ಕನ್ನಡಕ ಹಾಕಿದರೂ ಪೂರ್ತಿ ಕಾಣಲ್ಲ (ಹಾಗಂತ ಬಿಡಬೇಡಿ, ಕನ್ನಡಕ ಬೇಕೇ ಬೇಕು). ಕಣ್ಣುಗುಡ್ಡೆ ಅತ್ತಿತ್ತ ಅಲುಗಾಡುತ್ತಲೇ ಇರುತ್ತದೆ. ಮುಖ ಒಂದು ಕಡೆ ತಿರುಗಿಸಿದರೆ ಅಲುಗಾಟ ಕಡಿಮೆಯಾಗುತ್ತದೆ, ಅದಕ್ಕೇ ನಮ್ಮ ಹುಡುಗ ಓರೆಗಣ್ಣಲ್ಲಿ ಬೋರ್ಡ್ ನೋಡುವುದು. ಮೇಷ್ಟ್ರೊಬ್ಬರು 'ನೆಟ್ಟಗೆ ನೋಡೋ' ಅಂತ ತಲೆ ಹಿಡಿದು ತಿರುಗಿಸುತ್ತಿದ್ದರು. ಪಾಪ, ತಿರುಗಿಸಿದ ತಕ್ಷಣ ಅವನಿಗೆ ಅಕ್ಷರವೇ ಕಾಣುತ್ತಿರಲಿಲ್ಲ! ಸೇರಿಸುವ ದಿನವೇ ಇದನ್ನು ಬಿಡಿಸಿ ಹೇಳಿ. ಮುಂದಿನ ಬೆಂಚು, ಕಿಟಕಿಗೆ ಬೆನ್ನು. ಪುಸ್ತಕ ಮೂಗಿಗೆ ತಾಗಿಸಿ ಓದಿದರೆ ಬೈಬೇಡಿ, ಕಣ್ಣೇನೂ ಹಾಳಾಗಲ್ಲ. ಕಣ್ಣಿನ ಪರೀಕ್ಷೆಯಲ್ಲಿ 40% ಅಥವಾ ಜಾಸ್ತಿ ದೃಷ್ಟಿದೋಷ ಅಂತ ಬಂದರೆ ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಅರ್ಜಿ ಹಾಕಿ, ಮಂದದೃಷ್ಟಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ.

ಊರಲ್ಲಿ ತೊನ್ನು ಅಂತಾರೆ, ಗ್ರಹಣ ಅಂತಾರೆ. ಯಾವ ಬಸುರಿ ಲೆಕ್ಕ ಹಾಕಿದರೂ ಪಂಚಾಂಗದಲ್ಲಿ ಒಂದು ಗ್ರಹಣ ಸಿಕ್ಕೇ ಸಿಗುತ್ತದೆ ಅಲ್ವಾ? ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿದ್ದ ಜೀನ್ ಮಗುವಿಗೆ ಒಟ್ಟಿಗೆ ಬಂದಿದೆ, ಅಷ್ಟೇ. ಅಂಥ ಜೋಡಿಗೆ ಪ್ರತಿ ಬಸುರಿನಲ್ಲೂ 4ರಲ್ಲಿ 1 ಸಾಧ್ಯತೆ. ನಮ್ಮಕ್ಕ ಸೋದರಮಾವನನ್ನೇ ಮದುವೆಯಾಗಿದ್ದು, ಸಂಬಂಧದೊಳಗೆ ಇದು ಕೂಡಿಬರುವುದು ಜಾಸ್ತಿ.

ಎಣ್ಣೆಸ್ನಾನದ ದಿನ ಕಿವಿ, ಕತ್ತಿನ ಹಿಂದೆ, ತುಟಿ ನೋಡಿ. 3–4 ವಾರಕ್ಕೂ ವಾಸಿಯಾಗದ ಗಾಯವಿದ್ದರೆ ಅರಿಶಿನ ಹಚ್ಚುತ್ತಾ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.